ಬಿದ್ದವರದೇ ತಪ್ಪು

ಎತ್ತರದಲ್ಲಿ ದುಡಿಯುವವರಿಗೆ ಗಟ್ಟಿ ನಿಚ್ಚಣಿಕೆ, ತಲೆಗೆ ಹೆಲ್ಮೆಟ್, ಸೊಂಟಕ್ಕೆ ಬೆಲ್ಟು ಕೊಡಲೇಬೇಕೆಂದು ಕಾನೂನಿದೆ. ಆದರೂ ಕಾರ್ಮಿಕ ನಿರೀಕ್ಷಕನಾಗಿ ನಾನು ಹೋದಲ್ಲೆಲ್ಲ ಬೀಳುವವರು ಬೀಳುತ್ತಲೇ ಇದ್ದಾರೆ, ನೆವ ಹೇಳುವವರು ಹೇಳುತ್ತಲೇ ಇದ್ದಾರೆ.

ಮೊಣಕಾಲು

ಬ್ಯಾಡಗಿಯಲ್ಲೊಂದು ಮೆಣಸಿನಕಾಯಿ ಗೋದಾಮು. ಹಮಾಲರು ಚೀಲ ಹೊತ್ತು ಹತ್ತುವ ನಿಚ್ಚಣಿಕೆಯ ಮುರಿದ ಮೆಟ್ಟಿಲುಗಳನ್ನು ಸುತಳಿಯಿಂದ ಬಿಗಿದಿದ್ದರು. ಖಾರದ ಘಾಟಿಗೆ ಸೀನುತ್ತಲೇ ಮಾಲೀಕರನ್ನು ಕೇಳಿದೆ.

"ನಮ್ಮಪ್ಪನ ಕಾಲದ್ದು ರೀ. ಕಲ್ಲಿನಂಗ ಗಟ್ಟಿ ಐತಿ."

"ಹಂಗಾರ ಒಮ್ಮೆ ನೀವ ಹತ್ರಿ, ನೋಡೂಣು."

"ನನಗ ಮೊಣಕಾಲು ನೋವು ರೀ."

"ಯಾವಾಗಿಂದ?"

"ನೀವು ಹತ್ರಿ ಅಂದಾಗಿಂದ."

ಕುಡಿದದ್ದು

ಹಾವೇರಿಯಲ್ಲಿ ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದವನೊಬ್ಬ ಜಾರಿ ಬಿದ್ದು ಕಾಲು ಮುರಿದುಕೊಂಡ. ಅವನ ಸೊಂಟಕ್ಕೆ ಇದ್ದದ್ದು ಲುಂಗಿಯೊಂದೇ. ಆಸ್ಪತ್ರೆಗೆ ಹೋದರೆ ಗುತ್ತಿಗೆದಾರ ನನ್ನ ಕಿವಿಯಲ್ಲಿ ಉಸುರಿದ: "ಕುಡದಿದ್ದ ರೀ ಸಾಹೇಬ್ರ. ಇಲ್ಲಂದ್ರ ಯಾಕ ಬೀಳ್ತಿದ್ದ?"

ಪೇಂಟರನ ಹೆಂಡತಿಗೆ ಅದು ಕೇಳಿಸಿಬಿಟ್ಟಿತು. "ರೋಜಾ ಹಿಡದಾರ್ರಿ ಅವರು! ಮುಂಜಾನಿಂದ ಹನಿ ನೀರೂ ಮುಟ್ಟಿಲ್ಲ!"

ಗುತ್ತಿಗೆದಾರ ಕಣ್ಣು ಕೂಡ ಮಿಟುಕಿಸಲಿಲ್ಲ. "ಅದಕ್ಕ ರೀ ಮತ್ತ! ಕುಡೀಲಾರದಕ್ಕ ಬಿದ್ದಾನ."

ನಾನು ಕೇಸು ಹಾಕುತ್ತೇನೆ ಎಂದಾಗ ಮಾತ್ರ ಅವನೇ ನೀರು ಕೇಳಿದ.

ಧಣಿಯ ಧೈರ್ಯ

ರಾಣೇಬೆನ್ನೂರಿನಲ್ಲಿ ಕಲ್ಯಾಣ ಮಂಟಪವೊಂದು ಏಳುತ್ತಿತ್ತು. ಬೊಂಬು ಕಟ್ಟಿ ಹಲಗೆ ಹಾಸಿದ ಅಟ್ಟಣಿಗೆಯ ಮೇಲೆ ಗೌಂಡಿಗಳು ಬರಿಮೈಯಲ್ಲಿ ಗೋಡೆಗೆ ಗಿಲಾವು ಮಾಡುತ್ತಿದ್ದರು. ಬೆಲ್ಟು ಯಾಕಿಲ್ಲ ಎಂದು ಅಲ್ಲಿಯ ಗುತ್ತಿಗೆದಾರರನ್ನು ಕೇಳಿದೆ. ಆಳೂ ದಪ್ಪ, ದನಿಯೂ ದಪ್ಪ.

"ಬೆಲ್ಟ್ ಹಾಕಿದ್ರ ಗಂಡಸ್ರಿಗೆ ಅಂಜಿಕಿ ಹತ್ತತೈತ್ರಿ. ಧೈರ್ಯ ಅಂದ್ರೇನು, ಇಲ್ಲೆ ನೋಡ್ರಿ!" ಎಂದವರೇ ಧೋತರ ಎತ್ತಿ ಕಟ್ಟಿ ಸರಸರನೆ ಹತ್ತಿಬಿಟ್ಟರು.

ಮೇಲೆ ನಿಂತು ನನ್ನತ್ತ ಕೈ ಬೀಸುವಷ್ಟರಲ್ಲಿ ಕಾಲ ಕೆಳಗಿನ ಹಲಗೆ ಒಂದು ಕಡೆ ಜಾರಿತು. "ಯವ್ವಾ, ಸತ್ತೆ!" ಎಂದು ಕೂಗಿ ಬೊಂಬನ್ನು ತಬ್ಬಿಕೊಂಡು ಕಣ್ಣು ಮುಚ್ಚಿದರು. ಗೌಂಡಿಗಳು ಗಾಬರಿಯಾಗಿ ಓಡಿ ಹಲಗೆಯ ತುದಿ ಹಿಡಿದರು.

ಕೆಳಗೆ ಸಿಮೆಂಟ್ ಕಲಸುತ್ತಿದ್ದ ಹೆಂಗಸು ಕೂಗಿದಳು: "ಧಣ್ಯಾರ, ಬೆಲ್ಟ್ ಎಲ್ಲಿ ಇಟ್ಟೀರಿ? ಲಗೂ ಹೇಳ್ರಿ, ಮ್ಯಾಲ ಕೊಡ್ತೇವಿ!"

"ಹೊಲಸಾಗ್ತಾವಂತ ತಿಜೋರ್ಯಾಗ ಇಟ್ಟೇನಿ!"

"ಕೀಲಿ?"

ಮೇಲಿನಿಂದ ಅಳುದನಿ ಬಂತು.

"ನನ್ನ ಅಂಗಿ ಕಿಸೆದಾಗ ಐತಿ. ಯಾರರ ಮ್ಯಾಲ ಬಂದು ತಗೋರೋ!"