ಅಕ್ಕನ ಮಳೆಯ ತಾರೀಖು

ಮೂವತ್ತಮೂರು ವರ್ಷ ಬೇರೆಯವರ ತಪ್ಪು ತಿದ್ದಿದ ಮನುಷ್ಯನಿಗೆ ನಿವೃತ್ತಿಯ ದಿನ ಒಂದು ಶಾಲು, ಒಂದು ಹಾರ, ಒಂದು ಬುಟ್ಟಿ ಹಣ್ಣು ಕೊಟ್ಟು ಮನೆಗೆ ಕಳಿಸುತ್ತಾರೆ. ಅವನ ಜೇಬಿನಲ್ಲಿರುವ ಕೆಂಪು ಪೆನ್ನನ್ನು ಮಾತ್ರ ಯಾರೂ ಕಿತ್ತುಕೊಳ್ಳುವುದಿಲ್ಲ. ಕಿತ್ತುಕೊಳ್ಳಬೇಕು. ಈ ಬಗ್ಗೆ ಇಲಾಖೆಯವರು ಒಂದು ಸುತ್ತೋಲೆ ಹೊರಡಿಸಬೇಕು ಎಂಬುದು ನನ್ನ ಪ್ರಾಮಾಣಿಕ ಅಭಿಪ್ರಾಯ. ನಾನು ಯಳಂದೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದವನು. ಈಗಲೂ ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುತ್ತೇನೆ. ಹೋಟೆಲಿನ ಗೋಡೆಯ ಮೇಲಿನ ತಿಂಡಿಪಟ್ಟಿಗೆ, ಇಡ್ಲಿ ಬರುವಷ್ಟರಲ್ಲಿ, ಮನಸ್ಸಿನಲ್ಲೇ ಹತ್ತಕ್ಕೆ ನಾಲ್ಕು ಅಂಕ ಕೊಟ್ಟಿರುತ್ತೇನೆ. ನನ್ನ ಹೆಂಡತಿ ಸರೋಜ ಸಾಮಾನಿನ ಚೀಟಿಯನ್ನು ನನಗೆ ತೋರಿಸದೆ ನೇರವಾಗಿ ಅಂಗಡಿಯವನ ಕೈಗೇ ಕೊಡುವುದಕ್ಕೆ ಇದೇ ಕಾರಣ.

ಇದೇ ಪೆನ್ನಿನಿಂದ ನಾನು ನನ್ನ ಅಕ್ಕನ ಫೋನು ಕಳೆದುಕೊಂಡೆ. ಅಕ್ಕ ಗೌರಮ್ಮ ಹನೂರು ತಾಲ್ಲೂಕಿನ ಶಾಗ್ಯದಲ್ಲಿ ಹೊಲ, ಮನೆ, ಮಗ, ಸೊಸೆ, ಎರಡು ಎಮ್ಮೆ ಎಲ್ಲವನ್ನೂ ಒಂದೇ ದನಿಯಲ್ಲಿ ಗದರಿಕೊಂಡು ಚೆನ್ನಾಗಿಯೇ ಇದ್ದಾಳೆ. ಹೋದ ವರ್ಷದ ಆರಿದ್ರ ಮಳೆಯವರೆಗೆ ದಿನಾ ಬೆಳಿಗ್ಗೆ ಎಂಟೂವರೆಗೆ ನನಗೆ ಫೋನು ಮಾಡುತ್ತಿದ್ದಳು. ವಿಷಯ ಒಂದೇ, ಮಳೆ. ಶಾಲೆಯಲ್ಲಿ ಮಕ್ಕಳಿಗೆ ಮಳೆಮಾಪಕ ಮಾಡಿಸುವಾಗ ನಾನು ಎರಡು ಹೆಚ್ಚಿಗೆ ಮಾಡಿಸಿದ್ದೆ. ಬಾಟಲಿಯ ಕುತ್ತಿಗೆ ಕೊಯ್ದು, ಅದನ್ನೇ ಆಲಿಕೆಯ ಹಾಗೆ ಬೋರಲು ಹಾಕಿ, ಪಕ್ಕಕ್ಕೆ ಅಳತೆಯ ಪಟ್ಟಿ ಅಂಟಿಸಿದ ಸಾಧನ. ಒಂದು ನನ್ನ ಮನೆಯ ಕಾಂಪೌಂಡಿನ ಮೇಲೆ, ಇನ್ನೊಂದು ಅಕ್ಕನ ಹಿತ್ತಲಿನ ಕಲ್ಲುಕಂಬದ ಮೇಲೆ. "ನಮಗೆ ಅನ್ನೆಲ್ಡು ಕಣ್ಲಾ ಮಾದೇವ, ನಿಂಗೆಷ್ಟು?" ಎಂದು ಅಕ್ಕ ಕೇಳುವುದು, ನನ್ನದು ಎಂಟೇ ಮಿಲಿಮೀಟರು ಎಂದರೆ, ಮಳೆಯನ್ನು ಅವಳೇ ಸುರಿಸಿದ ಹಾಗೆ ನಗುವುದು. ಎರಡೂ ಊರಿನ ಅಳತೆ ನನ್ನ ನೋಟ್‌ಬುಕ್ಕಿನಲ್ಲಿ ಎದುರುಬದುರು ಸೇರುತ್ತಿತ್ತು. ಹೀಗೆ ಆರು ವರ್ಷ.

ಅಕ್ಕನಿಗೆ ಈ ಹುಚ್ಚು ನಾನು ಹಿಡಿಸಿದ್ದಲ್ಲ. ನಾವು ಹುಟ್ಟಿ ಬೆಳೆದ ಮಧುವನಹಳ್ಳಿಯ ಮನೆಯ ಅಂಗಳದಲ್ಲಿ ಒಂದು ಒರಳುಕಲ್ಲಿತ್ತು. ಮಳೆ ನಿಂತ ಕೂಡಲೇ ಅಪ್ಪ, "ಗೌರಾ, ನೋಡವ್ವ" ಅನ್ನುತ್ತಿದ್ದರು. ಅಕ್ಕ ಓಡಿಹೋಗಿ ಒರಳಿನ ನೀರಿಗೆ ಬೆರಳದ್ದಿ, "ಎಲ್ಡು ಗೆಣ್ಣು" ಎಂದು ಕೂಗುವಳು. ಅದರ ಮೇಲೆ ಮಾರನೆಯ ದಿನ ಉಳಲು ಏರು ಕಟ್ಟಬೇಕೋ ಬೇಡವೋ ಎಂದು ತೀರ್ಮಾನ. ಆಮೇಲೆ ಒಂದೇ ಗೋಣಿಕೊಪ್ಪೆಯ ಕೆಳಗೆ ನಾವಿಬ್ಬರೂ ಶಾಲೆಗೆ ಹೋಗುತ್ತಿದ್ದೆವು. ಶಾಲೆ ಮುಟ್ಟುವ ಹೊತ್ತಿಗೆ ನನ್ನ ಪುಸ್ತಕದ ಚೀಲ ಬೆಚ್ಚಗಿರುತ್ತಿತ್ತು, ಅಕ್ಕನ ಬಲಭುಜ ಪೂರ್ತಿ ನೆನೆದಿರುತ್ತಿತ್ತು. ಆಗ ನನಗೆ ಅದು ಕಂಡಿರಲಿಲ್ಲ. ಈಗ ಮಳೆ ಬಂದಾಗಲೆಲ್ಲ ಅದೇ ಕಾಣುತ್ತದೆ.

ಜಗಳ ಆದದ್ದು ತಾರೀಖಿನ ಮೇಲೆ. ಮಳೆಮಾಪಕವನ್ನು ಬೆಳಿಗ್ಗೆ ಎಂಟೂವರೆಗೆ ನೋಡಬೇಕು, ಹಿಂದಿನ ಇಪ್ಪತ್ತನಾಲ್ಕು ಗಂಟೆಯಲ್ಲಿ ಬಿದ್ದ ಮಳೆಯನ್ನು ಆ ಬೆಳಿಗ್ಗೆಯ ತಾರೀಖಿಗೆ ಬರೆಯಬೇಕು. ಇದು ಹವಾಮಾನ ಇಲಾಖೆಯ ಪದ್ಧತಿ, ನಾನು ಮಾಡಿದ್ದಲ್ಲ. ಅಕ್ಕನ ಪದ್ಧತಿ ಬೇರೆ. ಅವಳು ಹೊತ್ತು ಹುಟ್ಟುವಾಗ ಮುಖ ತೊಳೆದು, ವಿಭೂತಿ ಇಟ್ಟುಕೊಂಡು, ಬಾಟಲಿ ನೋಡಿ, ಅಳತೆಯನ್ನು ಹಿಂದಿನ ದಿನದ ತಾರೀಖಿಗೆ ಬರೆಯುತ್ತಾಳೆ. "ನೆನ್ನೆ ಸಂಜೆ ಊರೋರೆಲ್ಲ ನೋಡ್ತಾ ಇದ್ದಂಗೆ ಉಯ್ದ ಮಳೆನ ಇವತ್ತಿಂದು ಅಂತ ಬರಿಯಾಕೆ ನಂಗೇನ್ ಹುಚ್ಚಾ?" ಎಂಬುದು ಅವಳ ವಾದ. ನಾನು ಇದಕ್ಕೆ ಉತ್ತರ ಕೊಡುವ ಗೋಜಿಗೆ ಹೋಗದೆ, ಅವಳು ಹೇಳಿದ ಅಳತೆಗಳನ್ನು ನನ್ನ ಪುಸ್ತಕದಲ್ಲಿ ಸದ್ದಿಲ್ಲದೆ ಒಂದು ದಿನ ಮುಂದಕ್ಕೆ ತಳ್ಳಿ ಬರೆದುಕೊಳ್ಳುತ್ತಿದ್ದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

ಹೋದ ವರ್ಷ ಅಕ್ಕನ ಮೊಮ್ಮಗಳ ನಾಮಕರಣಕ್ಕೆ ಶಾಗ್ಯಕ್ಕೆ ಹೋದೆವು. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಂಡು ಬೀಗರ ಜೊತೆ ಕುಳಿತಿದ್ದಾಗ ಅಕ್ಕನ ಮಳೆಯ ಪುಸ್ತಕ ಕಣ್ಣಿಗೆ ಬಿತ್ತು. ಕೈ ತಾನಾಗಿ ಜೇಬಿಗೆ ಹೋಯಿತು. ಪುಟ ಪುಟಕ್ಕೂ ತಾರೀಖು ಹೊಡೆದು, ಕೆಂಪು ಇಂಕಿನಲ್ಲಿ ಮುಂದಿನ ತಾರೀಖು ಬರೆದು, ಕೊನೆಗೆ ಅಭ್ಯಾಸಬಲದಿಂದ ಒಂದು ರುಜುವನ್ನೂ ಹಾಕಿ, "ನಮ್ಮಕ್ಕನ ಮಳೆ ಯಾವಾಗಲೂ ಒಂದು ದಿನ ಹಳಸಲು" ಎಂದೆ. ಬೀಗರೆಲ್ಲ ಗೊಳ್ಳೆಂದು ನಕ್ಕರು. ಅಕ್ಕ ಬಂದು ಪುಸ್ತಕ ತೆಗೆದುಕೊಂಡಳು, ಪುಟ ತಿರುಗಿಸಿದಳು. "ನನ್ ಮಳೆನೆಲ್ಲ ಒಡ್ದಾಕ್ಬುಟ್ರಲ್ಲ ಮೇಷ್ಟ್ರೆ" ಎಂದಳು, ಅಷ್ಟೆ. ಮಾರನೆಯ ಬೆಳಿಗ್ಗೆ ಎಂಟೂವರೆಗೆ ಫೋನು ಬರಲಿಲ್ಲ.

ನಾನೇ ಮಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಸರೋಜನೂ ಅದನ್ನೇ ಕೇಳಿದಳು. ಪದ್ಧತಿಯ ಪ್ರಕಾರ ಸರಿ ಇರುವವನು ಮೊದಲು ಫೋನು ಮಾಡುವುದು ಹೇಗೆ? ಹಾಗೆ ಒಂದು ವರ್ಷ ನಾನು ಸರಿಯಾಗಿಯೇ ಇದ್ದೆ. ಎಂಟೂವರೆಗೆ ಫೋನನ್ನು ಕಾಂಪೌಂಡಿನ ಮೇಲಿಟ್ಟುಕೊಂಡು ನಿಲ್ಲುವುದನ್ನು ಮಾತ್ರ ಬಿಡಲಾಗಲಿಲ್ಲ. ಈ ವರ್ಷ ರೋಹಿಣಿ ಮಳೆಯ ಹೊತ್ತಿಗೆ ನಿವೃತ್ತನಾಗಿ ಮನೆಯಲ್ಲಿ ಕುಳಿತು, ಮತ್ತೆ ಅಳತೆ ಬರೆಯಲು ಶುರುಮಾಡಿದಾಗ ಒಂದು ಉಪಾಯ ಹೊಳೆಯಿತು. ಆರು ವರ್ಷದ ಎರಡೂರಿನ ಮಳೆಯನ್ನು ಇಂಟರ್ನೆಟ್ಟಿನಲ್ಲಿ ಗ್ರಾಫು ಮಾಡುವುದು. ಬರೀ ಗೆರೆಯಲ್ಲ, ಚುಕ್ಕಿಯ ಮೇಲೆ ಬೆರಳಿಟ್ಟರೆ ಪುಟ್ಟ ಚೌಕ ತೆರೆದು ಇಂಥ ದಿನ ಇಷ್ಟು ಮಳೆ ಎಂದು ಹೇಳುವಂಥದ್ದು. ನನ್ನದು ನೀಲಿ, ಅಕ್ಕನದು ಹಸಿರು. ತಾಲ್ಲೂಕಿನ ರೈತರಿಗೆ ಉಪಯೋಗವಾಗಲಿ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ಶಾಗ್ಯದ ಮನೆಯ ಫೋನಿಗೆ ಅದನ್ನು ಕಳಿಸಲು ಒಂದು ನೆಪ.

ಅಂಕಿಗಳನ್ನೆಲ್ಲ ಇಂಟರ್ನೆಟ್ಟಿನ ಒಂದು ಶೀಟಿಗೆ ತುಂಬಿ ಗುಂಡಿ ಒತ್ತಿದೆ. ಗ್ರಾಫು ಬಂತು. ಅಡಿಯ ಅಕ್ಷದಲ್ಲಿ ತಾರೀಖು ಇರಬೇಕಾದ ಕಡೆ ನಲವತ್ತೈದು ಸಾವಿರ ಚಿಲ್ಲರೆ ಎಂಬಂಥ ಸಂಖ್ಯೆಗಳು ಸಾಲಾಗಿ ನಿಂತಿದ್ದವು. ಕಂಪ್ಯೂಟರು ಯಾವುದೋ ಕಾಲದ ಒಂದು ದಿನದಿಂದ ಎಣಿಸಿಕೊಂಡು ಬಂದ ಲೆಕ್ಕವಂತೆ ಅದು. ಅಷ್ಟು ದಿನಗಳ ಹಿಂದೆ ನಮ್ಮಜ್ಜನಿಗೂ ನಡಿಗೆ ಬಂದಿತ್ತೋ ಇಲ್ಲವೋ. ಅದನ್ನು ಸರಿಮಾಡಿದೆ. ಆಗ ಜೂನ್ ಐದರ ಮಳೆ ಮೇ ಆರಕ್ಕೆ ಹೋಗಿ ಕುಳಿತಿತು. ತಿಂಗಳು ಮೊದಲೋ ದಿನ ಮೊದಲೋ ಎಂಬ ಗೊಂದಲದಲ್ಲಿ, ಪ್ರತಿ ತಿಂಗಳ ಮೊದಲ ಹನ್ನೆರಡು ದಿನದ ಮಳೆ ವರ್ಷವಿಡೀ ಚದುರಿಹೋಗಿ, ಜನವರಿಯ ಚಳಿಯಲ್ಲಿ ಯಳಂದೂರಿಗೆ ಮುಂಗಾರು ಹಿಡಿದಿತ್ತು. ವಾರಗಟ್ಟಲೆ ಕುಳಿತು ಪ್ರತಿಯೊಂದನ್ನೂ ಇಸವಿ ಮೊದಲು ಬರೆದು ತಿದ್ದಿದೆ. ಗಿಜಿಗುಟ್ಟುವ ತಾರೀಖುಗಳನ್ನು ನೀಟಾಗಿ ನಿಲ್ಲಿಸುತ್ತದೆಯೆಂದು ಯಾರೋ ಬರೆದಿದ್ದನ್ನು ನಂಬಿ, ಅರ್ಥವಾಗದ ಒಂದು ಚೌಕಕ್ಕೆ ಟಿಕ್ ಕೂಡ ಹಾಕಿದೆ. ಗ್ರಾಫು ಕೊನೆಗೂ ಲಕ್ಷಣವಾಗಿ ಕಂಡಿತು.

ಲಕ್ಷಣವಾಗಿ ಕಂಡದ್ದಕ್ಕೆ ಸಂತೋಷಪಟ್ಟು ಒಂದು ಚುಕ್ಕಿಯ ಮೇಲೆ ಬೆರಳಿಟ್ಟೆ. ಹದಿನೆಂಟನೆಯ ತಾರೀಖಿನ ಮಳೆ ಹದಿನೇಳು ಎಂದಿತು. ಇನ್ನೊಂದರ ಮೇಲಿಟ್ಟೆ, ಅದೂ ಒಂದು ದಿನ ಹಿಂದೆ. ಆರು ವರ್ಷದ ಮಳೆಯೂ ಒಂದೊಂದು ದಿನ ಹಿಂದೆ! ನಾನು ಮೊದಲು ರೇಗಿದೆ, ಆಮೇಲೆ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. ಎಲ್ಲೋ ದೂರದಲ್ಲಿರುವ ಆ ಯಂತ್ರ, ಶಾಗ್ಯದ ಹೆಸರನ್ನೇ ಕೇಳದ ಆ ಯಂತ್ರ, ನನ್ನ ಪದ್ಧತಿಯನ್ನು ಪಕ್ಕಕ್ಕಿಟ್ಟು ಅಕ್ಕನ ಲೆಕ್ಕವನ್ನೇ ಹಿಡಿದಿತ್ತು. ನನಗೆ ನಗು ಬಂತು. ಇದನ್ನು ಹೇಳಿದರೆ ಬಿದ್ದು ಬಿದ್ದು ನಗುವ ಒಬ್ಬಳೇ ಒಬ್ಬಳಿದ್ದಾಳೆ, ಅವಳಿಗೇ ಹೇಳುವಂತಿಲ್ಲ ಎಂದು ನೆನಪಾಗಿ ನಗು ಅಲ್ಲೇ ನಿಂತಿತು. ಅಕ್ಕನ ದನಿ ಕೇಳಬೇಕು ಎಂಬ ಆಸೆ ಅವತ್ತು ಹೊಟ್ಟೆಯ ಹಸಿವಿನ ಹಾಗೆ ಇತ್ತು.

ಮಾರನೆಯ ದಿನ ಲ್ಯಾಪ್‌ಟಾಪು ಎತ್ತಿಕೊಂಡು ಕೊಳ್ಳೇಗಾಲದ ಬಸ್ಸು ಹತ್ತಿದೆ. ಅಲ್ಲಿ ಸವಿತ ಎಂಬ ನನ್ನ ಹಳೆಯ ವಿದ್ಯಾರ್ಥಿನಿ ಕಂಪ್ಯೂಟರು, ಜೆರಾಕ್ಸಿನ ಅಂಗಡಿ ಇಟ್ಟಿದ್ದಾಳೆ. ನಾನು ಒಮ್ಮೆ ಅವಳಿಗೆ ವಿಜ್ಞಾನದಲ್ಲಿ ಮೂವತ್ತನಾಲ್ಕು ಕೊಟ್ಟು ಒಂದು ಅಂಕಕ್ಕೆ ಫೇಲು ಮಾಡಿದ್ದೆ. ಅವಳು ಅದನ್ನು ಮರೆತಿದ್ದಾಳೋ ಇಲ್ಲವೋ ತಿಳಿಯಲಿಲ್ಲ. ಕುರ್ಚಿ ಒರೆಸಿ ಕೊಟ್ಟಳು.

"ಎಲ್ಡು ತಪ್ಪು ಅದೆ ಸಾ," ಎಂದಳು, ಎರಡು ನಿಮಿಷ ನೋಡಿ. "ಒಂದು, ನಿಮ್ ಶೀಟು ಬೇರೆ ದೇಸದ ಗಡಿಯಾರ ಇಟ್ಕಂಡದೆ. ನಮ್ಗೆ ಬೆಳಗಾದಾಗ ಅದ್ಕೆ ಇನ್ನೂ ನೆನ್ನೆನೇ. ಅದ್ಕೇ ಒಂದಿನ ಹಿಂದೆ ತೋರುಸ್ತಾ ಇರೋದು. ಇನ್ನೊಂದು, ಈ ಟಿಕ್ಕು. ಯಾಕ್ ಹಾಕುದ್ರಿ ಸಾ ಇದ?"

"ನೀಟಾಗಿ ಕಾಣುತ್ತೆ ಅಂತ ಬರೆದಿದ್ರು."

"ನೀಟಾಗೇನೋ ಕಾಣ್ತದೆ. ಇದು ತಾರೀಕ್ನ ಬರೀ ಎಸ್ರು ಅನ್ಕಂಡು ಒಂದ್ರ ಪಕ್ಕ ಒಂದು ನಿಲ್ಸ್‌ಬುಡ್ತದೆ. ಪ್ರೇಯರ್‌ಗೆ ಮಕ್ಕಳ್ನ ನಿಲ್ಸ್ತಿದ್ರಲ್ಲ, ಹಂಗೆ. ಬಂದಿಲ್ದೋರ ಜಾಗ ಕಾಲಿ ಬುಡಲ್ಲ."

ಗಡಿಯಾರವನ್ನು ನಮ್ಮ ದೇಶಕ್ಕೆ ತಂದಳು, ಟಿಕ್ ತೆಗೆದಳು. ಗ್ರಾಫು ಒಮ್ಮೆ ಅಲುಗಿ ಮತ್ತೆ ಮೂಡಿತು. ತಾರೀಖುಗಳೆಲ್ಲ ಸರಿಯಾದವು. ಆದರೆ ಅಲ್ಲಿಯವರೆಗೆ ಒಂದಕ್ಕೊಂದು ಅಂಟಿಕೊಂಡಿದ್ದ ಹೋದ ವರ್ಷದ ಆರಿದ್ರ ಮಳೆಯೂ ಈ ವರ್ಷದ ರೋಹಿಣಿ ಮಳೆಯೂ ದೂರ ಸರಿದು, ನಡುವೆ ಪರದೆಯ ಮೇಲೆ ಅಂಗೈ ಅಗಲದ ಬಯಲು ಬಿದ್ದಿತು. ಹಸಿರು ಗೆರೆ ನಾಮಕರಣದ ದಿನಕ್ಕೇ ನಿಂತಿತ್ತು. ನೀಲಿ ಗೆರೆಯೂ ಅಲ್ಲೇ ನಿಂತು, ಬಯಲಿನಾಚೆ ಒಬ್ಬಂಟಿಯಾಗಿ ಮತ್ತೆ ಶುರುವಾಗಿತ್ತು. ಹನ್ನೊಂದು ತಿಂಗಳು ಇಷ್ಟು ಅಗಲ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಇದ್ಕೆ ಸೊನ್ನೆ ತುಂಬ್ಸ್‌ಬುಡ್ಲಾ ಸಾ? ಗೆರೆ ಕೂಡ್ಕತದೆ."

"ಬೇಡಮ್ಮ. ಸೊನ್ನೆ ಅಂದರೆ ಮಳೆ ಬರಲಿಲ್ಲ ಅಂತ. ಮಳೆ ಬಂದಿತ್ತು, ನೋಡಿದವರಿಲ್ಲ," ಎಂದೆ. ಸವಿತ ನನ್ನ ಮುಖ ನೋಡಿ, ಟೀ ಹೇಳಿದಳು.

ಮರುದಿನ ಬೆಳಿಗ್ಗೆ ಎಂಟೂವರೆಗೆ ನಾನೇ ಫೋನು ಮಾಡಿದೆ. ಉಪ್ಪಿಟ್ಟು ಕೆದಕುತ್ತಿದ್ದ ಸರೋಜ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತಳು.

"ಯಾರು, ಮೇಷ್ಟ್ರಾ? ಏಳಿ," ಎಂದಳು ಅಕ್ಕ. ಅರವತ್ತು ವರ್ಷದಲ್ಲಿ ಅಕ್ಕ ನನಗೆ "ಹೇಳಿ" ಅಂದದ್ದು ಅದೇ ಮೊದಲು. ಪಾಠದ ಹಾಗೆ ತಯಾರಿ ಮಾಡಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು.

"ಅಕ್ಕಾ, ಗ್ರಾಫು ಮಾಡ್ತಾವ್ನಿ. ಹೋದ್ ವರ್ಸ ಆರಿದ್ರ ಮಳೆಯಿಂದೀಚೆಗೆ ನಿಂದು ಖಾಲಿ ಅದೆ. ಏನಾರ ಬರ್ದಿದ್ಯಾ ಅಂತ..."

"ಬರೀದೆ? ದಿನಾ ಬರ್ದಿವ್ನಿ. ಕೇಳೋರು ಇಲ್ಲ ಅಂದ್ರೆ ಮಳೆ ನಿಂತೋಯ್ತದಾ?"

"ಅವತ್ತು ನಾನು ಕೆಂಪು ಇಂಕು ಹಾಕ್ಬಾರ್ದಾಗಿತ್ತು ಅಕ್ಕ. ತಪ್ಪಾಯ್ತು."

ಆ ಕಡೆ ಎಮ್ಮೆ ಕೂಗಿತು, ಅಕ್ಕ ಅದನ್ನು ಗದರಿದಳು. ಆಮೇಲೆ ಅಕ್ಕ ಅಂದಳು, "ಇಂಕು ಆಕುದ್ದಲ್ಲ ಕಣ್ಲಾ. ಬೀಗ್ರ ಮುಂದೆ ನಗ್ಸುದ್ಯಲ್ಲ, ಅದು."

ಆ "ಕಣ್ಲಾ" ಕಿವಿಗೆ ಬಿದ್ದದ್ದೇ ತಡ, ನಾನು ಕಾಂಪೌಂಡಿನ ಕಡೆ ಮುಖ ತಿರುಗಿಸಿಕೊಂಡೆ. ಸರೋಜ ಉಪ್ಪಿಟ್ಟು ತಳ ಹಿಡಿಯುವ ವಾಸನೆಗೆ ಒಳಗೆ ಓಡಿದಳು.

"ತಾಳು, ಪುಸ್ಕ ತತ್ತೀನಿ. ನಾ ಏಳ್ದ ತಾರೀಕೇ ಬರ್ಕೊ. ಒಂದಿನ ಮುಂದುಕ್ಕೆ ನೂಕುದ್ಯೋ, ಫೋನ್ ಮಡಿಕ್ಬುಡ್ತೀನಿ," ಎಂದಳು ಅಕ್ಕ. ನೂಕಲಿಲ್ಲ. ಒಂದೂವರೆ ಗಂಟೆ ಅವಳು ಹೇಳಿದಳು, ನಾನು ಬರೆದುಕೊಂಡೆ. ಹಸ್ತ ಮಳೆಯಲ್ಲಿ ಹಿತ್ತಲ ಗೋಡೆ ಕುಸಿದದ್ದು, ಸ್ವಾತಿ ಮಳೆ ಹುಸಿ ಹೋದದ್ದು, ಮೊಮ್ಮಗಳು ಕೂರಲು ಕಲಿತದ್ದು, ನಡೆಯಲು ಕಲಿತದ್ದು, ಎಲ್ಲ ಮಿಲಿಮೀಟರಿನ ಜೊತೆಗೇ ಬಂತು. ಮಗು ನಡೆದದ್ದನ್ನು ನಾನು ನೋಡಿರಲಿಲ್ಲ. ಯಂತ್ರ ಒಂದು ದಿನ ಹಿಂದೆ ತೋರಿಸಿದ ಕಥೆಯನ್ನೂ ಹೇಳಿದೆ. ಅಕ್ಕ ನಗುವುದು ನಿಲ್ಲಿಸುವವರೆಗೆ ಕಾಯಬೇಕಾಯಿತು. "ನೋಡುದ್ಯಾ, ಅದ್ಕಿರೋ ಬುದ್ಧಿ ನಿಂಗಿಲ್ಲ" ಎಂದಳು.

ಪುಸ್ತಕ ಮುಚ್ಚಿದ ಸದ್ದು ಕೇಳಿಸಿತು. "ಊಂ, ಈಗ ನಿನ್ ಲೆಕ್ಕ ಏಳ್ಲಾ. ಅಷ್ಟು ದಿನದಲ್ಲಿ ನಿಂಗೆಷ್ಟು ಬಂತು?"

"ಬರ್ದಿಲ್ಲ ಅಕ್ಕ."

"ಯಾಕ್ಲಾ?"

"ಬರ್ದು ಯಾರ್ಗೇಳ್ಬೇಕಿತ್ತು?"

ಅಕ್ಕ ಕೇಳಿದಳು, "ಇಸ್ಕೂಲ್ಗೆ ಮಕ್ಳು ಬರ್ನಿಲ್ಲ ಅಂದ್ರೆ ಏನಂತ ಬರೀತಿದ್ದೆ?"

"ಗೈರುಹಾಜರಿ."

"ಅದ್ನೇ ಬರ್ಕೊ. ಪೆನ್ನು ಜೇಬಲ್ಲೇ ಅದಲ್ಲ."

ಈಗ ಗ್ರಾಫಿನಲ್ಲಿ ಅಕ್ಕನ ಹಸಿರು ಗೆರೆ ಈ ತುದಿಯಿಂದ ಆ ತುದಿಗೆ ಎಲ್ಲೂ ತುಂಡಾಗದೆ ಹರಿಯುತ್ತದೆ. ನಡುವೆ ಬಯಲಿರುವುದು ನನ್ನ ಗೆರೆಯಲ್ಲಿ. ಹಳೆಯ ಆರು ವರ್ಷದ್ದನ್ನೂ ಅವಳ ತಾರೀಖಿಗೇ ವಾಪಸು ತಂದಿದ್ದೇನೆ. ಹಾಗಾಗಿ ಎರಡೂ ಗೆರೆ ಎಂದಿಗೂ ಕೂಡುವುದಿಲ್ಲ, ಅಕ್ಕ ಯಾವಾಗಲೂ ನನಗಿಂತ ಒಂದು ದಿನ ಮೊದಲೇ ನೆನೆಯುತ್ತಾಳೆ. "ಸರಿ ಮಾಡ್ಕೊಡ್ಲಾ ಸಾ?" ಎಂದು ಸವಿತ ಕೇಳಿದಳು, ಸರಿಯಾಗಿಯೇ ಇದೆ ಎಂದೆ. ನೋಟ್‌ಬುಕ್ಕಿನಲ್ಲಿ ಹನ್ನೊಂದು ತಿಂಗಳ ಎದುರಿಗೂ ನನ್ನ ಹೆಸರಿನ ಕೆಳಗೆ ಕೆಂಪು ಇಂಕಿನಲ್ಲಿ ಗೈರುಹಾಜರಿ ಎಂದು ಬರೆದು ರುಜು ಹಾಕಿದ್ದೇನೆ. ಮೂವತ್ತಮೂರು ವರ್ಷದಲ್ಲಿ ಆ ಪೆನ್ನಿನಿಂದ ಮಾಡಿದ ತಿದ್ದುಪಡಿಗಳಲ್ಲಿ ಇದೊಂದಕ್ಕೆ ಮಾತ್ರ ಇನ್ನೂ ಯಾರೂ ತಕರಾರು ಎತ್ತಿಲ್ಲ.