ಬಿಳಿ ಕೂಸಿನ ಮುಂದೆ ನಮ್ಮ ಕಾಕಾ

ಧಾರವಾಡದಲ್ಲಿ ಇಂಗ್ಲಿಷರ ಮೇಲೆ ನಿಜವಾದ ಪ್ರೀತಿ ಇದ್ದವರು ಯಾರಾದರೂ ಇದ್ದರೆ ಅದು ನಮ್ಮ ಕಾಕಾ ಎಂದು ನಾನು ಬಹಳ ದಿನ ನಂಬಿದ್ದೆ. ನಂಬದೆ ಏನು ಮಾಡಲಿ? ತೀರಿಹೋದ ಸಾಹೇಬರೊಬ್ಬರ ಬಂಗಲೆಯನ್ನು ಅವರ ಅಭಿಮಾನಿಗಳು ಇದ್ದದ್ದು ಇದ್ದಂತೆಯೇ ಕಾಯ್ದಿಟ್ಟು, ರವಿವಾರ ಜನರಿಗೆ ನೋಡಲು ಬಿಡುತ್ತಿದ್ದರು. ಊರಿನವರು ಒಮ್ಮೆ ನೋಡಿ ಸುಮ್ಮನಾದರು. ಕಾಕಾ ಮಾತ್ರ ಪ್ರತಿ ರವಿವಾರ ಹೆಬ್ಬಳ್ಳಿಯಿಂದ ನಡೆದು ಬಂದು, ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ನನ್ನ ಹಣೆಬರಹ!

ಹಾಗಂತ ಸಾಹೇಬರ ಮೇಲೆ ಭಕ್ತಿಯೇ? ಮಂಚ ನೋಡಿ, "ಇದರಾಗ ಒಬ್ಬವನ ಮಲಗಿದ್ರ ಮುಂಜಾನೆದ್ದು ಹುಡುಕಬೇಕಾಗತೈತಿ" ಎನ್ನುವರು. ಸ್ನಾನದ ತೊಟ್ಟಿ ನೋಡಿ, "ನಮ್ಮ ಎಮ್ಮಿಗೆ ಛಲೋ ಬಾನಿ ಆಗತಿತ್ತು" ಎನ್ನುವರು. ಆಮೇಲೆ ದಡದಡ ಒಳಕೋಣೆಗೆ ನಡೆದು, ಸಾಹೇಬರ ಕೂಸಿನ ಫೋಟೋದ ಗಾಜಿಗೆ ಮೂಗು ಹಚ್ಚಿ ನಿಂತರೆ ಮುಗಿಯಿತು!

"ಕಾಕಾರ, ಮುಂದ ಸರೀರಿ, ಮಂದಿ ನಿಂತಾರ," ಎಂದು ಕಾವಲುಗಾರ ಗೋಗರೆಯುತ್ತಿದ್ದ.

"ಈಗರ ಬಂದೇನಿ, ತಡಿಯೋ!"

"ಒಂದು ತಾಸಾತ್ರಿ!"

ಖಾದಿ ತೊಟ್ಟು ಸಭೆಗಳಿಗೆ ಹೋಗುವ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. "ಊರಿಗೆ ಊರೇ ಚಲೇಜಾವ್ ಅನ್ನಾಕತ್ತೈತಿ, ನೀವು ಬಿಳಿ ಕೂಸಿನ ದರ್ಶನ ಮಾಡ್ತೀರಲ್ರಿ!" ಎಂದರೆ, "ನಿನಗ ತಿಳಿಯಂಗಿಲ್ಲ, ಸುಮ್ಕಿರು" ಎನ್ನುವರು. ಈ ಕಥೆ ಹೇಳಿ ಗೆಳೆಯರನ್ನು ಎಷ್ಟು ನಗಿಸಿದ್ದೇನೋ!

ಒಂದು ರವಿವಾರ ಹೋದಾಗ ಫೋಟೋಗೆ ಹೊಸ ಕಟ್ಟು ಬಂದಿತ್ತು. ಕಾಕಾ ಮೂಗು ಹಚ್ಚಿದರು, ಹಿಂದೆ ಸರಿದರು, ಮತ್ತೆ ಹಚ್ಚಿದರು.

"ಕೈ ಎಲ್ಲಿ ಹೋದ್ವು?"

"ಆಯಾನ ಕೈ ಏನ್ರಿ?" ಕಾವಲುಗಾರ ನಕ್ಕ. "ಕೂಸಷ್ಟ ಚಂದ ಕಾಣ್ಲಿ ಅಂತ ಸುತ್ತಲಿಂದು ಕತ್ತರಿಸಿ ಒಗದಾರ್ರಿ."

ಕಾಕಾ ನೆಲದ ಮೇಲೆಯೇ ಕುಳಿತುಬಿಟ್ಟರು. ಅಂದೇ ಮೊದಲ ಸಲ ನನಗೆ ಎಲ್ಲ ಹೇಳಿದರು. ಅವರ ಹೆಂಡತಿ, ನಾನು ಹುಟ್ಟುವ ಮೊದಲೇ ತೀರಿಹೋದ ನಮ್ಮ ಕಾಕೂ, ಆ ಬಂಗಲೆಯಲ್ಲಿ ಆಯಾ ಆಗಿದ್ದರಂತೆ. ಕೂಸು ಅಲುಗದಂತೆ ಹಿಡಿದುಕೊಳ್ಳಲು ಅವರನ್ನು ಹಿಂದೆ ಕೂರಿಸಿ, ಮುಖದ ಮೇಲೆ ಬಟ್ಟೆ ಹೊದಿಸಿ ಫೋಟೋ ತೆಗೆದಿದ್ದರಂತೆ. ಕಾಕೂನದೆಂದು ಈ ಲೋಕದಲ್ಲಿ ಉಳಿದಿದ್ದ ಚಿತ್ರ ಆ ಎರಡು ಕೈ ಮಾತ್ರ. ಈಗ ಅವೂ ಕಸಕ್ಕೆ ಹೋಗಿದ್ದವು.

ಹೊರಗೆ ಮೆಟ್ಟಿಲ ಮೇಲೆ ಕಾಕಾ ನನ್ನ ಅಂಗಿ ಹಿಡಿದುಕೊಂಡರು. "ನನಗ ಕಣ್ಣು ಮಸಕಾಗಿ ಎರಡು ವರ್ಷಾತೋ ತಮ್ಮಾ. ಕೈ ಅಂತ ಅಷ್ಟ ಕಾಣತಿತ್ತು. ನೀ ಛಂದಾಗಿ ನೋಡೀಯಲ್ಲ, ಕೈಯಾಗ ಬಳಿ ಇದ್ವಲಾ?"

ಅಷ್ಟು ರವಿವಾರ ಅದರ ಮುಂದೆ ನಿಂತಿದ್ದ ನಾನು ಆ ಕೈಗಳನ್ನು ಒಮ್ಮೆಯೂ ನೋಡಿರಲಿಲ್ಲ.

"ಇದ್ವು ಕಾಕಾ. ಹಸರು ಬಳಿ, ಕೈತುಂಬ," ಎಂದೆ.

ಕಪ್ಪು ಬಿಳುಪಿನ ಫೋಟೋದಲ್ಲಿ ಹಸಿರು ಯಾರಿಗೆ ಕಂಡೀತು? ಆದರೂ ಕಾಕಾ, "ಹೌದೋ, ಹಸರ ಇದ್ವು," ಎಂದು ನನ್ನ ಹೆಗಲಿಗೆ ಮುಖವಿಟ್ಟು ಅತ್ತರು.