ಕೊಟ್ರಮ್ಮನ ಗಿರಣಿಗೆ ಮೂರು ಫೇಸಿನ ಕಾವಲು

"ಇವತ್ತಿನಿಂದ ಈ ಮನ್ಯಾಗ ಒಂದು ಫೇಸಿಗೂ ಇನ್ನೊಂದು ಫೇಸಿಗೂ ಎರಡು ಆಂಪಿಯರ್ ಫರಕ್ ಬಂದ್ರ, ನನ್ನ ಹೆಸರು ಅಂದಾನಪ್ಪನ ಅಲ್ಲ!"

ಪಂಚಮಿಗೆ ನಾಲ್ಕೇ ದಿನ ಇತ್ತು ನೋಡಿ. ಕಂಪ್ಲಿಯ ನಮ್ಮ ಅಂದಾನಪ್ಪ, ಹೆಂಡತಿ ಕೊಟ್ರಮ್ಮನ ಹಿಟ್ಟಿನ ಗಿರಣಿಯ ಬಾಗಿಲಲ್ಲಿ ನಿಂತು, ಡಬ್ಬಿ ಹಿಡಿದ ಹನ್ನೊಂದು ಮಂದಿ ಹೆಂಗಸರ ಎದುರಿಗೆ ಈ ಭೀಷ್ಮ ಪ್ರತಿಜ್ಞೆ ಮಾಡಿದ. ತೋರಣಗಲ್ಲಿನ ಕಡೆ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಕರೆಂಟಿನ ಕೆಲಸ ಮಾಡಿ ನಿವೃತ್ತನಾದವನು. ಊಟಕ್ಕೆ ಕುಳಿತರೂ ತಟ್ಟೆಯ ಒಂದೇ ಮಗ್ಗುಲಿಗೆ ಪಲ್ಯ ಬಿದ್ದರೆ ಸಹಿಸುವವನಲ್ಲ!

ಪ್ರತಿಜ್ಞೆಗೆ ಕಾರಣವೂ ಇತ್ತು. ಆ ವರ್ಷ ಗಿರಣಿಯ ಮೋಟರು ಎರಡು ಸಲ ಸುಟ್ಟಿತ್ತು. ಎರಡು ಸಲವೂ ಹೊಸಪೇಟೆಗೆ ಹೊತ್ತೊಯ್ದು ವೈಂಡಿಂಗ್ ಮಾಡಿಸಿದ್ದರು. ಪಂಚಮಿಯ ಮುಂದೆ ಇನ್ನೊಮ್ಮೆ ಸುಟ್ಟರೆ ಚಕ್ಕುಲಿಯ ಅಕ್ಕಿ, ಉಂಡಿಯ ಕಡಲೆ, ಎಲ್ಲವೂ ಎದುರಿನ ಹುಲುಗಪ್ಪನ ಗಿರಣಿಯ ಪಾಲು. ಕಡಲೆ ಎಂದಾಗ ನೆನಪಾಯಿತು, ಉಂಡಿಗೆ ಕಡಲೆಯನ್ನು ಸಣ್ಣ ಉರಿಯಲ್ಲೇ ಹುರಿಯಬೇಕು, ಈಗಿನವರಿಗೆ ಎಲ್ಲಿ ಪುರುಸೊತ್ತು! ಇರಲಿ. ಒಮ್ಮೆ ಹುಲುಗಪ್ಪನ ಕಡೆ ಹೋದ ಗಿರಾಕಿ ಈ ಕಡೆ ತಿರುಗಿಯೂ ನೋಡುವುದಿಲ್ಲವೆಂಬುದು ಕೊಟ್ರಮ್ಮನ ಚಿಂತೆ.

ಮೂರು ಫೇಸಿನ ಮೋಟರೆಂದರೆ ಮೂವರು ಹೊತ್ತ ತೊಲೆಯಿದ್ದ ಹಾಗೆ. ಒಬ್ಬ ಕುಗ್ಗಿದರೆ ಉಳಿದಿಬ್ಬರ ಹೆಗಲು ಹೋಯಿತು. ಗಿರಣಿಯ ಮೇಲೆ ಮೂರು ಮನೆಗಳು: ಅಂದಾನಪ್ಪನದೊಂದು, ತಮ್ಮ ಸಿದ್ದಲಿಂಗೇಶನದೊಂದು, ಬಾಡಿಗೆಗಿದ್ದ ಹೊನ್ನೂರುಸ್ವಾಮಿಯದೊಂದು. ಈ ಹೊನ್ನೂರುಸ್ವಾಮಿಗೆ ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ಏಸಿ ಹಾಕಿಕೊಂಡು ನಿದ್ದೆ. ಮೂರು ಮನೆಗೂ ಗಿರಣಿಯ ಲೈನಿನಿಂದಲೇ ಕರೆಂಟು. ಪ್ರತಿ ಬಾಗಿಲ ಹೊರಗೆ ಫೇಸು ಬದಲಿಸುವ ಸ್ವಿಚ್ಚು: ಕೆಂಪು, ಹಳದಿ, ನೀಲಿ. ಫ್ಯಾನು ಸ್ವಲ್ಪ ನಿಧಾನವಾಯಿತೋ, ಗುಂಡಿ ಹಿಡಿದು ಟಕ್ ಎಂದು ತಿರುಗಿಸುವುದೇ! ಮಗು ಅತ್ತರೂ ಮೊದಲು ಫೇಸು ಬದಲಿಸಿ ನೋಡುವ ಜನ ನಮ್ಮವರು!

ಅಂದಾನಪ್ಪ ಗಿರಣಿಯ ಗೋಡೆಗೆ ಒಂದು ಮೀಟರು ಕೂರಿಸಿದ. ಯಾವ ಫೇಸಿನ ಮೇಲೆ ಎಷ್ಟು ಭಾರವೆಂದು ಮೂರು ಬಣ್ಣದ ಅಂಕಿ ಮಿನುಗುತ್ತಿದ್ದವು. ಮೊಬೈಲಿನಲ್ಲಿ ಮೂರು ಮನೆಯವರನ್ನೂ ಸೇರಿಸಿ 'ಸಮತೋಲನ' ಎಂಬ ಗ್ರೂಪು ಕಟ್ಟಿದ. ಮೊದಲ ರಾಜಾಜ್ಞೆ ಹೊರಟಿತು: "ಕೆಂಪು ಇಪ್ಪತ್ತೇಳು, ಹಳದಿ ಹತ್ತೊಂಬತ್ತು, ನೀಲಿ ಹನ್ನೊಂದು. ಕೆಂಪಿನವರು ನೀಲಿಗೆ ಸರಿಯಿರಿ."

ಯಾರೂ ಕೇಳದಿದ್ದರೆ ಮೋಟರು ಹೇಗೋ ಬದುಕುತ್ತಿತ್ತು. ಎಲ್ಲರೂ ಕೇಳಿದರು!

ಕೆಂಪಿನಲ್ಲಿದ್ದ ಎರಡು ಮನೆಯವರೂ, ಅಂದಾನಪ್ಪನ ಮಗನೂ ತಮ್ಮ ಸಿದ್ದಲಿಂಗೇಶನೂ, ನೀಲಿಗೆ ಬಂದರು. ನೀಲಿ ಖಾಲಿಯಿದೆಯಂತೆ, ಏಸಿ ತಂಪಾಗಿ ಓಡೀತು ಎಂದು ಹಳದಿಯ ಹೊನ್ನೂರುಸ್ವಾಮಿಯೂ ಅರೆನಿದ್ದೆಯಲ್ಲೇ ನೀಲಿಗೆ ಬಂದ. ನೀಲಿ ಮೂವತ್ತೈದು! ಭಾರ ಹೆಚ್ಚಿದರೆ ಮೋಟರು ನಿಲ್ಲಿಸಲೆಂದು ಹಾಕಿಸಿದ್ದ ರಿಲೇ ಟಪ್ ಎಂದಿತು. ಅರ್ಧ ಬೀಸಿದ ಕಡಲೆ ಕಲ್ಲಿನಲ್ಲೇ ಕೂತಿತು.

"ಏನ್ ಮಾಡಿದ್ರಿ?" ಕೊಟ್ರಮ್ಮ ಸೊಂಟಕ್ಕೆ ಕೈಯಿಟ್ಟಳು.

"ನಾನೇನ್ ಮಾಡೀನಿ? ಮೇಲಿನವ್ರು ಎಲ್ಲಾರೂ ನೀಲಿಗೆ ಬಂದು ಕುಂತಾರ!"

"ಬರ್ರಿ ಅಂತ ಕರದವ್ರು ಯಾರು?"

ಅಂದಾನಪ್ಪ ಮತ್ತೆ ಮೊಬೈಲು ಒತ್ತಿದ: "ನೀಲಿ ಬಿಡಿ! ಕೆಂಪು ಖಾಲಿ!" ಮೇಲಿನಿಂದ ಟಕ್, ಟಕ್, ಟಕ್. ಕೆಂಪು ಮೂವತ್ತೈದು! ಟಪ್! "ಹಳದಿ ಖಾಲಿ!" ಎಂದ. ಹಳದಿ ಮೂವತ್ತೈದು! ಮಧ್ಯಾಹ್ನದ ಹೊತ್ತಿಗೆ ಅವನು ಮೊಬೈಲು ಬಿಟ್ಟು ಮೆಟ್ಟಿಲ ಮೇಲೆಯೇ ನಿಂತು ಬಣ್ಣ ಕೂಗುತ್ತಿದ್ದ.

ತಮ್ಮನ ಹೆಂಡತಿ ಸುಕನ್ಯಾ ಹಿಟ್ಟಿನ ಕೈಯಲ್ಲೇ ಹೊರಬಂದಳು. "ಭಾವಾರ, ಮಿಕ್ಸಿ ತಿರುಗಿದ್ದಕ್ಕಿಂತ ಈ ಗುಂಡಿ ತಿರುಗಿದ್ದ ಜಾಸ್ತಿ ಆತ್ರಿ!"

ಹೊನ್ನೂರುಸ್ವಾಮಿ ಹೊದಿಕೆ ಸಮೇತ ಬಂದ. "ಅಂದಾನಪ್ಪಾರ, ಕೈ ಮುಗಿತೀನ್ರಿ, ಒಂದ ಬಣ್ಣ ಹೇಳ್ರಿ, ಮಲಗ್ತೀನಿ!"

ಕೆಳಗೆ ನಾಲ್ಕು ಡಬ್ಬಿಗಳು ರಸ್ತೆ ದಾಟಿ ಹುಲುಗಪ್ಪನ ಕಡೆ ನಡೆದವು. ಕೊಟ್ರಮ್ಮನ ಮುಖ ನೋಡಲಾಗದೆ ಅಂದಾನಪ್ಪ ಸ್ಕ್ರೂಡ್ರೈವರ್ ತೆಗೆದುಕೊಂಡು ಎಷ್ಟೇ ಭಾರ ಬಿದ್ದರೂ ಟಪ್ ಎನ್ನದಂತೆ ರಿಲೇಯ ತಿರುಪನ್ನು ಏರಿಸಿಬಿಟ್ಟ. ಪಾಪ, ಇಪ್ಪತ್ತೆಂಟು ವರ್ಷ ಬೇರೆಯವರಿಗೆ ಮಾಡಬೇಡಿ ಎಂದು ಹೇಳುತ್ತಾ ಬಂದ ಕೆಲಸ! ಮೋಟರು ನಿಲ್ಲಲಿಲ್ಲ ನಿಜ. ಹತ್ತು ನಿಮಿಷಕ್ಕೆ ಸುಟ್ಟ ವಾಸನೆ ಎದ್ದಿತು.

ಕೊಟ್ರಮ್ಮ ಓಡಿ ಬಂದು ಸ್ವಿಚ್ಚಿಗೆ ಹೊಡೆದಳು. ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಮೋಟರಿನ ಮೈಗೆ ಅಂಗೈ ತಾಗಿಸಿ, ಚುರ್ ಎಂದು ಕೈ ಹಿಂದೆಳೆದಳು. "ಇನ್ನೊಂದು ನಿಮಿಷ ಬಿಟ್ಟಿದ್ರ ಹೊಸಪ್ಯಾಟಿ ಬಸ್ ಹತ್ತಬೇಕಿತ್ತು. ಆ ತಿರುಪು ಮೊದ್ಲು ಹೆಂಗಿತ್ತೋ ಹಂಗ ಇಡ್ರಿ. ಇಟ್ಟು ಮ್ಯಾಲ ಹೋಗಿ ಮಲಕೊಳ್ರಿ."

"ಲೇ, ನಾನು ಕಾರ್ಖಾನ್ಯಾಗ..."

"ಮಲಕೊಳ್ರಿ ಅಂದೆ!"

ಮರುದಿನ ಬೆಳಿಗ್ಗೆ ಏಳಕ್ಕೆ ಶುರುವಾದ ಗಿರಣಿ ಹನ್ನೆರಡಾದರೂ ಒಂದು ಸಲವೂ ಕೆಮ್ಮಲಿಲ್ಲ. ಮೀಟರಿನಲ್ಲಿ ಹತ್ತೊಂಬತ್ತು, ಇಪ್ಪತ್ತು, ಹತ್ತೊಂಬತ್ತು. ರಸ್ತೆ ದಾಟಿದ್ದ ಡಬ್ಬಿಗಳ ಪೈಕಿ ಎರಡು ತಿರುಗಿ ಬಂದಿದ್ದವು. ಅಂದಾನಪ್ಪನ ಎದೆ ಉಬ್ಬಿತು. ಕೈ ಹಿಂದೆ ಕಟ್ಟಿಕೊಂಡು ಸಾಲಿನ ಮುಂದೆ ಓಡಾಡಿದ.

"ನೋಡ್ರಿವಾ, ಒಂದ ಆಂಪಿಯರ್ ಫರಕ್! ಇದಕ್ಕ ಮಾನಿಟರಿಂಗ್ ಅಂತಾರ. ನಿನ್ನಿ ನಾನು ಕೂಗಿದ್ದು ಇವತ್ತು ಎಲ್ಲಾರ ತಲಿಗೆ ಹೋಗೇತಿ!"

ಅಷ್ಟರಲ್ಲಿ ಹೊನ್ನೂರುಸ್ವಾಮಿ ಕಣ್ಣುಜ್ಜುತ್ತಾ ಇಳಿದು ಬಂದ. "ಅಂದಾನಪ್ಪಾರ, ನಮ್ಮ ಸ್ವಿಚ್ಚಿನ ಗುಂಡಿ ಕಾಣವಲ್ದ್ರಿ."

"ನಮ್ದೂ ಇಲ್ಲಣ್ಣ!" ಮೇಲಿನಿಂದ ಸಿದ್ದಲಿಂಗೇಶ ಕೂಗಿದ.

ಅಂದಾನಪ್ಪ ಎರಡೆರಡು ಮೆಟ್ಟಿಲು ಹಾರಿ ತನ್ನ ಬಾಗಿಲಿಗೆ ಓಡಿದ. ಅಲ್ಲೂ ಗುಂಡಿಯಿಲ್ಲ, ಬೋಳು ಕಡ್ಡಿ! "ಕಳ್ಳತನ! ಕಂಪ್ಲಿಯಾಗ ಗುಂಡಿ ಕಳ್ಳರು ಬಂದಾರ!" ಎಂದು ಅರಚುತ್ತಾ ಕೆಳಗಿಳಿದ.

ಕೊಟ್ರಮ್ಮ ಕೈಯ ಹಿಟ್ಟು ಒರೆಸಿಕೊಂಡು, ಸೊಂಟದ ಚೀಲ ಬಿಚ್ಚಿ ಮೂರು ಕರಿ ಗುಂಡಿಗಳನ್ನು ತಕ್ಕಡಿಯಲ್ಲಿಟ್ಟಳು. "ಮುಂಜಾಲೆ ಹಾಲಿಗೆ ಹೋದಾಗ ತಿರುಗಿಸಿಟ್ಟು ಕಿತ್ಕೊಂಡು ಬಂದೀನಿ. ಹಬ್ಬ ಮುಗೀಲಿ, ಕೊಡ್ತೀನಿ."

ಸಾಲಿನ ಹೆಂಗಸರೆಲ್ಲರೂ ಅಂದಾನಪ್ಪನನ್ನೇ ನೋಡಿದರು. ಅವನು ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ಅಲ್ಲಾ, ಯಾರನ್ನ ಯಾವ ಫೇಸಿಗೆ ಹಾಕ್ಬೇಕಂತ ಹೆಂಗ ಗೊತ್ತಾತು? ನನ್ನ ಮೀಟರ್ ನೋಡಿದ್ಯಾ?"

"ಮೀಟರ್ ಯಾಕ ಬೇಕ್ರಿ?" ಎಂದಳು ಕೊಟ್ರಮ್ಮ. "ಮನಿ ಮೂರು, ಫೇಸೂ ಮೂರು. ಸರೀರಿ, ಮುಂದಿನ ಡಬ್ಬಿ ಯಾರ್ದವಾ?"